ಬೂದಿ ಎಳೆದರೆ ನಿಲ್ಲು

ಇಗೋ, ಮತ್ತೆ ಎಳೆಯಿತು ಹಾಳಾದ್ದು, ಕೆಂಪು ಹಗ್ಗ ಮಣಿಕಟ್ಟಿನಲ್ಲಿ ಬಿಗಿದು ಸಡಿಲಾಯಿತು, ಬಿಗಿದು ಸಡಿಲಾಯಿತು, ಇನ್ನೂ ಎರಡು ಸಲ, ಈ ನಾಯಿಗೆ ಓಡುವುದೆಂದರೆ ಕಂಡ ಕಂಡ ಕಂಬಕ್ಕೆಲ್ಲ ಮೂಗು ಹಚ್ಚುವುದು, ನಡಿ ಬೂದಿ, ನಡಿ ನಡಿ, ಎಂದು ಏಣಿಯಣ್ಣ ಹಿಂದೆ ತಿರುಗದೆಯೇ ಹಗ್ಗ ಜಗ್ಗಿದ — ತಿರುಗಿ ನೋಡುವ ಜಾಯಮಾನದವನಲ್ಲ ಅವನು, ಅಗ್ನಿಶಾಮಕ ಠಾಣೆಯಲ್ಲಿ ಇಪ್ಪತ್ತೆಂಟು ವರ್ಷ ಎಲ್ಲರಿಗಿಂತ ಮೊದಲು ಏಣಿ ಹತ್ತಿದವನು, ಅದಕ್ಕೇ ಠಾಣೆಗೆಲ್ಲ ಏಣಿಯಣ್ಣ, ಹೆಸರು ಹಿಡಿದು ಕರೆದವರೇ ಇಲ್ಲ, ಅರ್ಧ ಏಣಿಯಲ್ಲಿ ಹಿಂದೆ ನೋಡಿದೆಯೋ ಕಾಲು ನಡುಗುತ್ತೆ ಎಂದು ಹೊಸಬರ ತಲೆ ಮೊಟಕಿ ಮೊಟಕಿ ಕಲಿಸಿದವನು — ಈಗ ನೋಡು ಅವನ ಅವಸ್ಥೆ, ರೈಲು ಹಳಿಯ ಪಕ್ಕ, ಗೋದಾಮುಗಳ ಹಿಂದೆ, ಮೊನ್ನೆ ಮೊನ್ನೆ ಹಾಕಿದ ಟಾರು ರಸ್ತೆಯ ಮೇಲೆ, ಮಗಳು ಕೊಡಿಸಿದ ಹಳದಿ ಬೂಟು ಮೆಟ್ಟಿಕೊಂಡು, ಮಗಳ ನಾಯಿ ಹಿಡಿದುಕೊಂಡು, ಆರಾಮದ ಓಟ! ಆರಾಮದ ಓಟವಂತೆ ಆರಾಮದ ಓಟ, ಹೆಸರು ಕೇಳಿದರೇ ಮೈ ಉರಿಯುತ್ತದೆ, ಓಡುವುದಾದರೆ ಓಡಬೇಕು, ಆರಾಮ ಬೇಕಿದ್ದರೆ ಮನೆಯಲ್ಲಿ ಬಿದ್ದುಕೊಂಡಿರಬೇಕು, ಎರಡನ್ನೂ ಒಟ್ಟಿಗೆ ಮಾಡುವುದು ಯಾವ ಸೀಮೆ ಶಾಸ್ತ್ರ. ಮಾತಾಡ್ತಾ ಓಡಬೇಕಪ್ಪ, ಪೂರ್ತಿ ವಾಕ್ಯ ಮಾತಾಡೋಕೆ ಆಗ್ಬೇಕು, ಉಸಿರು ಕಟ್ಟಿದ್ರೆ ಜೋರಾಯ್ತು ಅಂತ ಅರ್ಥ, ನಿಧಾನ ಮಾಡು — ಮಗಳು, ಆಸ್ಪತ್ರೆಯಲ್ಲಿ ಜನರ ಕೈಕಾಲು ಎತ್ತಿಸಿ ಇಳಿಸಿ ವ್ಯಾಯಾಮ ಮಾಡಿಸುವವಳು, ವರ್ಷಕ್ಕೆರಡು ಸಲ ನಲವತ್ತೆರಡು ಕಿಲೋಮೀಟರ್ ಓಡುವ ಹುಚ್ಚು ಬೇರೆ. ಯಾರ ಜೊತೆ ಮಾತಾಡಲೇ? ಬೂದಿ ಜೊತೆ ಮಾತಾಡು. ನಾಯಿ ಜೊತೆ ಏನು ಮಾತಾಡೋದು? ನಮ್ಮ ಜೊತೆ ಏನು ಮಾತಾಡ್ತಿದ್ಯೋ ಅದನ್ನೇ ಮಾತಾಡು, ಎಂದಳು, ಎಂದು ತನ್ನ ಮಾತಿಗೆ ತಾನೇ ನಕ್ಕಳು, ಆ ನಗುವೇನೂ ಅವನಿಗೆ ಹಿಡಿಸಲಿಲ್ಲ.

ಇದೆಲ್ಲ ಶುರುವಾದದ್ದು ಆ ಇಸ್ತ್ರಿ ಸಾಹೇಬನಿಂದ, ಹೊಸ ಠಾಣಾಧಿಕಾರಿ, ಅವನ ಅಂಗಿಯ ಗೆರೆಯಲ್ಲಿ ತರಕಾರಿ ಹೆಚ್ಚಬಹುದು, ಹನ್ನೊಂದು ವರ್ಷದ ಹಿಂದೆ ಇದೇ ಏಣಿಯಣ್ಣನ ಕೈಕೆಳಗೆ ಟ್ರೈನಿಂಗಿಗೆ ಬಂದಾಗ ಹೊಗೆ ಕೋಣೆಯೊಳಗೆ ಹೋಗೋಕೆ ಚಳಿಜ್ವರ ಬಂದವನ ಹಾಗೆ ನಡುಗುತ್ತಿದ್ದ, ಈಗ ಮೇಜಿನ ಆ ಕಡೆ ಕೂತು ಪೆನ್ನು ತಿರುಗಿಸುತ್ತಾ, ಏಣಿಯಣ್ಣ, ಬೇಜಾರು ಮಾಡ್ಕೋಬೇಡಿ, ಇದು ನನ್ನ ರೂಲ್ ಅಲ್ಲ, ಮೂರು ಕಿಲೋಮೀಟರ್, ಹದಿನಾರು ನಿಮಿಷ, ಐವತ್ತು ದಾಟಿದವರೆಲ್ಲ ಓಡಲೇಬೇಕು, ಆಗಲಿಲ್ಲ ಅಂದ್ರೆ ಕಂಟ್ರೋಲ್ ರೂಮಿಗೆ ಹಾಕ್ತೀನಿ, ತಂಪಾಗಿ ಕೂತು ಫೋನ್ ಎತ್ತಿ. ಫೋನ್ ಎತ್ತಿ! ಯಾರೋ ಅಳುತ್ತಾ ಬೆಂಕಿ ಬಿದ್ದಿದೆ ಎಂದರೆ ವಿಳಾಸ ಬರೆದುಕೊಂಡು ಬೇರೆಯವರನ್ನು ಕಳಿಸುವುದು, ಗಂಟೆ ಹೊಡೆದಾಗ ಎಲ್ಲರೂ ಗಾಡಿ ಹತ್ತಿ ಹೋಗುವುದನ್ನು ಕಿಟಕಿಯಿಂದ ನೋಡುವುದು, ಅದಕ್ಕಿಂತ ನಾಲ್ಕು ಜನ ಹೊತ್ತುಕೊಂಡು ಹೋಗಲಿ. ಮೊದಲ ಸಲ ಓಡಿದ್ದು ಹತ್ತೊಂಬತ್ತು ನಿಮಿಷ, ಕೊನೆಯ ಸುತ್ತಿನಲ್ಲಿ ಕಣ್ಣು ಕತ್ತಲೆ, ಬಕೆಟ್ಟಿನ ಪಕ್ಕ ಕೂತು ವಾಂತಿ, ಹುಡುಗರೆಲ್ಲ ನೋಡಿಯೂ ನೋಡದ ಹಾಗೆ ಪೈಪು ಸುತ್ತುತ್ತಿದ್ದರು, ಆ ನೋಡದಿರುವುದಿದೆಯಲ್ಲ, ಅದೇ ಹೊಟ್ಟೆಗೆ ಬೆಂಕಿ ಇಟ್ಟದ್ದು. ಇನ್ನೊಂದೇ ಅವಕಾಶ, ಸೋಮವಾರ ಬೆಳಿಗ್ಗೆ ಆರಕ್ಕೆ. ಹೊಗೆ ಕೋಣೆಯಲ್ಲಿ ಇದೇ ಇಸ್ತ್ರಿಗೆ ಸೊಂಟಕ್ಕೆ ಹಗ್ಗ ಕಟ್ಟಿ, ಕಣ್ಣಿಗೆ ಬಟ್ಟೆ ಕಟ್ಟಿ, ಒಳಗೆ ಬಿಟ್ಟು ಹೇಳಿಕೊಟ್ಟದ್ದು ತಾನೇ ಅಲ್ಲವೇ, ಬಾಯಿ ಬಿಡಬೇಡ, ಹೊಗೆಯಲ್ಲಿ ಬಾಯಿಗೆ ಕೆಲಸವಿಲ್ಲ, ಹಗ್ಗವೇ ನಾಲಿಗೆ, ಒಂದು ಸಲ ಎಳೆದರೆ ಚೆನ್ನಾಗಿದ್ದೀನಿ, ಎರಡು ಎಳೆದರೆ ಹಗ್ಗ ಬಿಡು, ಮೂರು ಎಳೆದರೆ ಹಗ್ಗ ಸುತ್ಕೋ, ನಾಲ್ಕು ಎಳೆದರೆ ನನ್ನನ್ನ ಹೊರಗೆ ತೆಗಿ, ಹೊರಗೆ ಹಗ್ಗ ಹಿಡಿದವನಿಗೆ ನಿದ್ದೆಯಲ್ಲೂ ಅದು ಗೊತ್ತಾಗಬೇಕು, ಗೊತ್ತಾಗದವನು ಬಟ್ಟೆ ಒಣಹಾಕೋಕೆ ಹಗ್ಗ ಕಟ್ಟಿಕೊಳ್ಳಲಿ. ಎರಡೇ ನಿಮಿಷಕ್ಕೆ ನಾಲ್ಕು ಸಲ ಎಳೆದಿದ್ದ ಇಸ್ತ್ರಿ, ಹೊರಗೆ ಬಂದು ಕಣ್ಣೀರು ಮೂಗು ಒಂದು ಮಾಡಿಕೊಂಡು ನಿಂತಿದ್ದ, ಮತ್ತೆ ಈಗ ಫೋನ್ ಎತ್ತಿ ಅಂತಾನೆ. ಹತ್ತನೇ ಗೋದಾಮು, ನೀಲಿ ಬಾಗಿಲು, ಬಿಸಿಲು ತಗಡಿನ ಮೇಲೆ ಬಿದ್ದು ಕಣ್ಣಿಗೆ ಚುಚ್ಚುತ್ತದೆ, ಗಂಟೆ ಹನ್ನೊಂದೂವರೆ ಇರಬೇಕು, ಎಂಟಕ್ಕೆ ಡ್ಯೂಟಿ ಮುಗಿಸಿ ಬಂದು ಬೂಟು ಹಾಕಿಕೊಳ್ಳುತ್ತಾ ಕುರ್ಚಿಯಲ್ಲೇ ತೂಕಡಿಸಿಬಿಟ್ಟಿದ್ದ, ಎದ್ದಾಗ ಹನ್ನೊಂದು, ನಾಯಿ ಬಾಗಿಲ ಹತ್ತಿರ ಮಲಗಿತ್ತು, ಹಗ್ಗ ತೆಗೆದರೂ ಏಳಲಿಲ್ಲ ಸೋಮಾರಿ, ಎಬ್ಬಿಸಿಕೊಂಡು ಬಂದದ್ದು.

ಬಿಸಿಲೇರುವ ಮುಂಚೆ ಹೋಗು — ಫ್ರಿಜ್ಜಿನ ಬಾಗಿಲಿಗೆ ಮಗಳು ಅಂಟಿಸಿ ಹೋದ ಚೀಟಿಯ ಮೊದಲ ಸಾಲು. ಮಾತಾಡುತ್ತಾ ಓಡು, ಎರಡನೆಯದು. ಬೂದಿ ಎಳೆದರೆ ನಿಲ್ಲು, ಮೂರನೆಯದು, ಅದರ ಕೆಳಗೆ ಎರಡು ಗೆರೆ, ಅಪ್ಪನಿಗಲ್ಲ, ಒಂದನೇ ಕ್ಲಾಸಿನ ಮಗುವಿಗೆ ಬರೆದ ಹಾಗೆ. ಎಂಟು ವರ್ಷ ಆಯ್ತಪ್ಪ ಅದಕ್ಕೆ, ಅದರ ವೇಗವೇ ಈಗ ನಿನಗೆ ಸರಿಯಾದ ವೇಗ, ಹದಿನೈದು ದಿನ ಅದರ ಜೊತೆ ನಿಧಾನವಾಗಿ ಓಡಿದ್ರೆ ಸೋಮವಾರ ಹದಿನಾರಲ್ಲ, ಹದಿನೈದರಲ್ಲಿ ಮುಗಿಸ್ತೀಯ, ನನ್ನ ಮಾತು ಒಂದು ಸಲ ಕೇಳಿ ನೋಡು. ಒಂದು ಸಲ! ಏನೋ ಇವಳ ಮಾತು ಯಾವತ್ತೂ ಕೇಳೇ ಇಲ್ಲ ಎನ್ನುವ ಹಾಗೆ. ಅವಳಮ್ಮನದ್ದೂ ಅದೇ ರಾಗ, ಎರಡು ದಿನಕ್ಕೆಂದು ಮಗಳ ಮನೆಗೆ ಹೋದವಳು ಎರಡು ವರ್ಷವಾದರೂ ವಾಪಸಿಲ್ಲ, ಜಗಳವಿಲ್ಲ, ಕೂಗಾಟವಿಲ್ಲ, ಒಂದು ಚೀಲ ಬಟ್ಟೆ, ಓದುವ ಕನ್ನಡಕ, ಆಮೇಲೆ ಒಂದೊಂದೇ ಪಾತ್ರೆ, ಕುಕ್ಕರು, ಹೊಲಿಗೆ ಮಿಷನ್ನು, ಹೀಗೆ ಮನೆಯೇ ಕಾಲು ಮೂಡಿ ನಡೆದು ಹೋಯಿತು, ಯಾಕೆ ಎಂದು ಕೇಳಿದರೆ, ನಿಮ್ಮ ಹಿಂದೆ ಓಡಿ ಓಡಿ ಸಾಕಾಯ್ತು ಕಣ್ರೀ, ಅಂದಳಷ್ಟೆ, ಇವನು ಅವಳನ್ನು ಯಾವಾಗ ಓಡಿಸಿದ? ಮತ್ತೆ ಅದೊಂದು ಚಪ್ಪಲಿ ಕಥೆ, ಇಪ್ಪತ್ತು ವರ್ಷದ ಹಿಂದಿನದ್ದು, ಅದನ್ನು ಎಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ ಮಗಳು — ಏಳು ವರ್ಷ ಅವಳಿಗೆ, ಅಮ್ಮನಿಗೆ ಜ್ವರ, ಇವನು ಠಾಣೆಗೆ ಕರೆದುಕೊಂಡು ಹೊರಟದ್ದು, ಹಾಜರಿಗೆ ತಡವಾಗಿತ್ತು, ದಾಪುಗಾಲು ಹಾಕುತ್ತಿದ್ದ, ಅವಳ ಮುಷ್ಟಿಯಲ್ಲಿ ಇವನ ತೋರುಬೆರಳು, ದಾರಿಯಲ್ಲಿ ಒಂದು ಚಪ್ಪಲಿಯ ಉಂಗುಷ್ಠ ಕಿತ್ತು ಹೋಗಿತ್ತಂತೆ, ಬೆರಳು ಎಳೆದಳಂತೆ, ಇವನು ನೋಡಲಿಲ್ಲವಂತೆ, ಮುಕ್ಕಾಲು ಮೈಲಿ ಬರಿಗಾಲಲ್ಲಿ ಕಾದ ರಸ್ತೆಯ ಮೇಲೆ, ಠಾಣೆಗೆ ಹೋದ ಮೇಲೆ ಪಂಪಿನ ಡ್ರೈವರು ನೋಡಿ ಅಯ್ಯೋ ಏನ್ರೀ ಇದು ಮಗು ಕಾಲು ಎಂದಾಗಲೇ ಗೊತ್ತಾದದ್ದು. ಬಾಯಿ ಇರಲಿಲ್ಲವಾ? ಅಪ್ಪಾ ನಿಲ್ಲು ಎನ್ನೋಕೆ ಏನಾಗಿತ್ತು? ಅದಕ್ಕೊಬ್ಬನನ್ನು ಗಲ್ಲಿಗೆ ಹಾಕುತ್ತಾರಾ? ಕಳೆದ ವರ್ಷ ಊಟಕ್ಕೆ ಕೂತಾಗ ಹೇಗೋ ಆ ಮಾತು ಬಂತು, ನೀನೇ ಹೇಳಿಕೊಟ್ಟಿದ್ಯಲ್ಲಪ್ಪ, ಎಂದಳು, ಮುಂದೆ ಏನೋ ಹೇಳುವವಳು ತಟ್ಟೆ ನೋಡಿಕೊಂಡು ಸುಮ್ಮನಾದಳು, ಇವನೂ ಕೇಳಲಿಲ್ಲ, ಕೇಳಿದರೆ ಇನ್ನೊಂದು ಕಥೆ ತೆಗೆಯುತ್ತಾಳೆ. ಎಳೆಯಬೇಡ ಬೂದಿ! ಎಳೆಯುತ್ತದೆ, ಟಕ್ ಟಕ್ ಟಕ್ ಟಕ್, ಮೊದಲೆಲ್ಲ ಮುಂದೆ ಓಡುತ್ತಿತ್ತು, ಹತ್ತು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ಬಂದೆಯಾ ಮುದುಕಾ ಎನ್ನುವ ಹಾಗೆ ನೋಡುತ್ತಿತ್ತು, ಅದನ್ನು ನೋಡಿದರೇ ಪಿತ್ತ ನೆತ್ತಿಗೇರುತ್ತಿತ್ತು, ನಾಲ್ಕನೇ ದಿನದಿಂದ ಇವನೇ ಮುಂದೆ, ಅದು ಹಿಂದೆ, ಈಗ ನೋಡು ಹೇಗಿದೆ. ಇದನ್ನು ತಂದವನೂ ಇವನೇ, ಅದು ಬೇರೆ ಕರ್ಮ, ಸುಟ್ಟುಹೋದ ಪೀಠೋಪಕರಣದ ಅಂಗಡಿಯ ಹಿಂದೆ ಬೂದಿ ಗುಡ್ಡೆಯೊಳಗಿಂದ ಕುಂಯ್ ಎಂದದ್ದನ್ನು ಹೆಲ್ಮೆಟ್ಟಿನಲ್ಲಿ ಹಾಕಿಕೊಂಡು ಮನೆಗೆ ತಂದಿದ್ದ, ಮಗಳು ನೋಡಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು, ಅಪ್ಪಾ ಅಪ್ಪಾ ಎಂದು ಅವತ್ತು ಎಷ್ಟು ಸಲ ಕರೆದಳು. ಇವತ್ತು ಸಂಜೆ ಇಬ್ಬರೂ ಬರುತ್ತಾರೆ, ಅಮ್ಮ ಮಗಳು, ಸೋಮವಾರದವರೆಗೆ ಇರುತ್ತಾರಂತೆ, ಓಟ ನೋಡೋಕೆ. ಎರಡು ವರ್ಷದಲ್ಲಿ ಮೊದಲ ಸಲ ಅವಳು ಈ ಮನೆಯಲ್ಲಿ ಮಲಗುವುದು. ಹಾಸಿಗೆಯ ಚಾದರ ಒಗೆದು ಹಾಕಿದ್ದಾನೆ, ಅದನ್ನು ಯಾರಿಗೂ ಹೇಳುವುದಿಲ್ಲ.

ಹಿಂದೆ ಹೆಜ್ಜೆ ಸದ್ದು, ಚಪ್ ಚಪ್ ಚಪ್, ಬಂದ, ಟೋಪಿ ಮುದುಕ, ದಿನಾ ಇದೇ ರಸ್ತೆ, ಎಪ್ಪತ್ತಕ್ಕೆ ಕಡಿಮೆಯಿಲ್ಲ, ಕಡ್ಡಿ ಕಾಲು, ಸೊಂಟದಲ್ಲಿ ನೀರಿನ ಬಾಟ್ಲಿ, ಮಾತಾಡುತ್ತಾ ಓಡುವುದೇನು, ಹಾಡುತ್ತಾ ಓಡುತ್ತಾನೆ ಭಂಡ, ಪಕ್ಕಕ್ಕೆ ಬಂದ, ನಾಯಿಯ ಕಡೆ ಬಗ್ಗಿ ನೋಡಿದ, ಇವನ ಕಡೆ ಕೈ ಅಲ್ಲಾಡಿಸಿದ, ನಿಧಾನ ಸ್ವಾಮೀ, ನಿಧಾನ, ಎಂದ, ಎಂದು ದಾಟಿಕೊಂಡು ಹೋದ. ನಿಧಾನವಂತೆ! ಇವನು ಹೇಳುತ್ತಾನೆ ನಿಧಾನ ಎಂದು, ಮಗಳು ಹೇಳುತ್ತಾಳೆ ನಿಧಾನ ಎಂದು, ಇಸ್ತ್ರಿ ಹೇಳುತ್ತಾನೆ ಕೂತ್ಕೋ ಎಂದು, ಲೋಕಕ್ಕೆಲ್ಲ ಏಣಿಯಣ್ಣ ಈಗ ನಿಧಾನದ ಮನುಷ್ಯ, ಬೆಂಕಿಗೆ ಯಾರಾದರೂ ನಿಧಾನ ಸ್ವಾಮೀ ಎಂದಿದ್ದಾರಾ? ಇಲ್ಲಿಂದ ರೈಲ್ವೆ ಗೇಟು, ಗೇಟಿನಿಂದ ವಾಪಸ್ ಇಲ್ಲಿಗೆ, ಅಳೆದಿಟ್ಟ ಮೂರು ಕಿಲೋಮೀಟರ್, ಗಡಿಯಾರ ಒತ್ತಿದ, ಇವತ್ತು ಆರಾಮದ ಓಟ ಅರ್ಧ ಗಂಟೆ ಎಂದು ಚೀಟಿಯಲ್ಲಿದೆ, ಇರಲಿ, ಚೀಟಿ ಫ್ರಿಜ್ಜಿಗೆ ಹೇಳಲಿ, ಎಂದು ಬಿಟ್ಟ ನೋಡು ಓಟ. ಮುದುಕನ ಬೆನ್ನು, ಬಿಳಿ ಟೋಪಿ, ಹತ್ತಿರ, ಹತ್ತಿರ, ಎದೆಯೊಳಗೆ ತಿದಿ ಒತ್ತಿದ ಹಾಗೆ, ಹಗ್ಗ ಹಿಂದಕ್ಕೆ ಬಿಗಿಯಿತು, ಜಗ್ಗಿದ, ಬಂತು, ಮುದುಕನನ್ನು ದಾಟಿದ, ದಾಟುವಾಗ ಮುದುಕ ಏನೋ ಕೂಗಿದ, ಕೈ ಎತ್ತಿ ಏನೋ ಕೂಗಿದ, ಹೊಟ್ಟೆಕಿಚ್ಚು, ಕೂಗಲಿ, ಗೇಟು ಬಂತು, ಏಳು ನಿಮಿಷ ನಲವತ್ತು, ಏಳು ನಲವತ್ತು! ಹದಿನಾರಲ್ಲ, ಹದಿನೈದೂವರೆ ಆಗುತ್ತದೆ, ತಿರುಗು ಬೂದಿ, ತಿರುಗು, ಟಾರು ಬೂಟಿನ ಅಡಿಗೆ ಅಂಟಿ ಚಟ್ ಚಟ್ ಎನ್ನುತ್ತದೆ, ಇಸ್ತ್ರಿಯ ಮುಖ ಕಣ್ಣ ಮುಂದೆ, ಸ್ಟಾಪ್‌ವಾಚ್ ಹಿಡಿದು ಬಾಯಿ ಬಿಟ್ಟು ನಿಂತ ಮುಖ, ಗೋಡೆ ಪಕ್ಕ ಹೆಂಡತಿ, ಮಗಳು, ಮಗಳು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು, ಎಳೆಯುತ್ತದೆ, ಜಗ್ಗು, ಹದಿನೆಂಟನೇ ಗೋದಾಮು, ಎಳೆಯುತ್ತದೆ, ಒಂದು ಎರಡು ಮೂರು ನಾಲ್ಕು, ಜಗ್ಗು, ಬಾ ನಾಯೀ, ಇನ್ನು ಆರು ನಿಮಿಷ, ಮುದುಕ ಎದುರಿಗೆ ಬರುತ್ತಿದ್ದಾನೆ, ರಸ್ತೆ ನಡುವೆ ನಿಂತು ಎರಡೂ ಕೈ ಅಗಲಿಸಿದ್ದಾನೆ, ಹುಚ್ಚು ಹಿಡಿಯಿತಾ ಇವನಿಗೆ, ಮುದುಕನನ್ನು ಬಳಸಿಕೊಂಡು ಮುಂದೆ ಓಡಿದ, ಎಳೆಯುತ್ತದೆ, ಒಂದು ಎರಡು ಮೂರು ನಾಲ್ಕು, ಹದಿಮೂರನೇ ಗೋದಾಮು, ಮತ್ತೆ ಹಗ್ಗ ಎಳೆಯಲಿಲ್ಲ, ಸುಮ್ಮನೆ ಭಾರವಾಯಿತು, ಮಣಿಕಟ್ಟು ಹಿಂದಕ್ಕೆ ಹೋಗಿ ತೋಳು ತಿರುಚಿ ಇವನು ಬಿದ್ದೇ ಬಿಡುತ್ತಿದ್ದ.

ತಿರುಗಿದ. ಬೂದಿ ರಸ್ತೆಯ ಮೇಲೆ ಪಕ್ಕಕ್ಕೆ ಮಲಗಿದೆ, ಬಾಯಿಯ ಸುತ್ತ ಬಿಳಿ ನೊರೆ, ಹೊಟ್ಟೆ ಪಟಪಟ ಬಡಿಯುತ್ತಿದೆ, ನಾಟಕ ಮಾಡ್ತೀಯಾ ಎಂದು ಇವನ ಬಾಯಿಗೆ ಬಂದದ್ದು ಬಾಯಲ್ಲೇ ನಿಂತಿತು, ಯಾಕೆಂದರೆ ನಾಯಿಯ ಹಿಂದೆ, ಕಪ್ಪು ಟಾರಿನ ಮೇಲೆ, ಹದಿನಾಲ್ಕನೇ ಗೋದಾಮಿನ ತನಕ, ಅದರಾಚೆಗೂ, ಒಂದೊಂದು ಹೆಜ್ಜೆಗೆ ಒಂದೊಂದು ಒದ್ದೆ ಕಲೆ, ನೀರಲ್ಲ. ಮುಂಗಾಲು ಎತ್ತಿ ನೋಡಿದ, ಅಂಗಾಲಿನ ಕರಿ ಚರ್ಮ ಚೀಲದ ಹಾಗೆ ಕಳಚಿ ನೇತಾಡುತ್ತಿದೆ, ಒಳಗೆ ಕೆಂಪು, ಇನ್ನೊಂದು ಕಾಲೂ ಅಷ್ಟೇ, ಸುಟ್ಟ ಗಾಯ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಇಪ್ಪತ್ತೆಂಟು ವರ್ಷ ನೋಡಿದ್ದಾನೆ, ಬೊಕ್ಕೆ ಎದ್ದು, ಒಡೆದು, ಅದರ ಮೇಲೆ ಮತ್ತೆ ಓಡಿದ ಕಾಲು ಇದು. ಅವನ ಕೈ ತಾನಾಗಿ ಕೆಳಗೆ ಹೋಯಿತು, ಹಿಂಗೈ ಟಾರಿಗೆ ತಾಗಿಸಿದ, ಎರಡು ಎಣಿಸುವಷ್ಟರಲ್ಲಿ ಎಳೆದುಕೊಂಡ — ಬಾಗಿಲನ್ನ ಹಿಂಗೈಯಲ್ಲಿ ಮುಟ್ಟಿ ನೋಡದೆ ಒಳಗೆ ಕಾಲಿಡೋನು ಪೆದ್ದ, ತಾನೂ ಸಾಯ್ತಾನೆ, ಹಿಂದೆ ಬಂದವನನ್ನೂ ಸಾಯಿಸ್ತಾನೆ, ಎಷ್ಟು ಬ್ಯಾಚಿನ ಹುಡುಗರಿಗೆ ಹೇಳಿದ ಮಾತು ಇದು, ಹೇಳಿ ಹೇಳಿ ಮಾತು ಸವೆದಿದೆ. ಟೋಪಿ ಮುದುಕ ಬಂದು ಸೇರಿದ, ಏದುಸಿರು ಬಿಡುತ್ತಾ ಮೊಣಕಾಲೂರಿದ, ಬಾಟ್ಲಿ ಬಿಚ್ಚಿ ಕಾಲಿನ ಮೇಲೆ ನೀರು ಸುರಿದ, ಹೊಟ್ಟೆಗೆ, ಕಿವಿಗೆ, ಅಂಗೈಯಲ್ಲಿ ಹಿಡಿದು ಬಾಯಿಗೆ, ನಾಯಿ ನೆಕ್ಕಿತು, ಸ್ವಲ್ಪ. ಹೋಗೋವಾಗ್ಲೇ ನೋಡಿದ್ನಲ್ರೀ ಕುಂಟೋದನ್ನ, ನಿಧಾನ ಅಂದೆ, ಕೂಗ್ದೆ, ಅಡ್ಡ ನಿಂತೆ, ನೀವು ನನ್ನ ಜೊತೆ ರೇಸಿಗೆ ಬಿದ್ರಿ. ಎಪ್ಪತ್ತನಾಲ್ಕು ವರ್ಷ ನನಗೆ, ನನ್ನ ಸೋಲಿಸಿ ಏನು ಮಾಡ್ತೀರಿ? ಆ ಮುದುಕನಿಗೆ ಏನಾದರೂ ಹೇಳಬೇಕು, ಹೊಡೆಯಬೇಕು ಎನಿಸುತ್ತದೆ ಇವನಿಗೆ, ನಿಮ್ಮ ಕೆಲಸ ನೋಡ್ಕೊಂಡು ಹೋಗ್ರೀ ಎನ್ನಬೇಕು, ಓಡುತ್ತಿಲ್ಲ, ನಿಂತಿದ್ದಾನೆ, ಆದರೂ ಒಂದು ವಾಕ್ಯ ಮಾತಾಡುವಷ್ಟು ಉಸಿರಿಲ್ಲ. ಹಿಡಿದುಕೊಳ್ಳೋ ರೀತಿ ಗೊತ್ತಾ, ನಾನೂ ಒಂದು ಕೈ ಹಾಕ್ತೀನಿ, ಎಂದ ಮುದುಕ. ಬೇಡ, ಎಂದ ಇವನು, ಬಗ್ಗಿದ, ಹೊಗೆಯಿಂದ ಮನುಷ್ಯರನ್ನು ಎತ್ತುವ ಹಾಗೆಯೇ ಎತ್ತಿದ, ಕತ್ತಿನ ಹಿಂದೆ ಹೊಟ್ಟೆ, ಈ ಕಡೆ ಮುಂಗಾಲು, ಆ ಕಡೆ ಹಿಂಗಾಲು, ಹೆಲ್ಮೆಟ್ಟಿನಲ್ಲಿ ಹಿಡಿಸಿದ್ದು ಈಗ ಇಪ್ಪತ್ತೈದು ಕಿಲೋ, ಗಡಿಯಾರ ಇನ್ನೂ ಓಡುತ್ತಲೇ ಇದೆ, ನಿಲ್ಲಿಸೋಕೆ ಕೈ ಖಾಲಿ ಇಲ್ಲ.

ನಡೆಯುತ್ತಾನೆ. ಮುಖ್ಯರಸ್ತೆಯಲ್ಲಿ ಆಟೋ ಸಿಗುತ್ತದೆ, ನಾಯಿ ಡಾಕ್ಟರು ಸೇತುವೆ ದಾಟಿದರೆ ಬಲಕ್ಕೆ, ಏನೂ ಆಗಲ್ಲ ಬೂದಿ, ಅಂಗಾಲಿನ ಚರ್ಮ ಬರುತ್ತೆ, ನಾನು ನೋಡಿದ್ದೀನಿ, ಪೂರ್ತಿ ಬೆಂದವರೇ ಎದ್ದು ಓಡಾಡಿದ್ದಾರೆ — ಓ, ಮಾತಾಡುತ್ತಿದ್ದಾನೆ, ನಾಯಿ ಜೊತೆ ಪೂರ್ತಿ ವಾಕ್ಯ ಮಾತಾಡುತ್ತಿದ್ದಾನೆ, ಹನ್ನೆರಡು ದಿನದಲ್ಲಿ ಮೊದಲ ಸಲ, ಕಿವಿಯ ಪಕ್ಕ ಅದರ ಉಸಿರು ಬಿಸಿಯಾಗಿ, ಬಿಟ್ಟು ಬಿಟ್ಟು, ಮಗಳಿಗೆ ಸುಳ್ಳು ಏನು ಹೇಳಲಿ, ಗಾಜು ಚುಚ್ಚಿತು ಎನ್ನಲೇ, ಯಾರೋ ಬಿಸಿ ಟಾರು ಚೆಲ್ಲಿದ್ದರು ಎನ್ನಲೇ, ಅವಳು ನಂಬುತ್ತಾಳಾ, ಕಾಲು ನೋಡುವುದೇ ಅವಳ ಕಸುಬು. ಆಗಲೇ ಜೇಬಿನಲ್ಲಿ ಫೋನು ಹೊಡೆದುಕೊಂಡಿತು, ಎತ್ತಬಾರದು, ಎತ್ತಿದ, ಒಂದು ಕೈಯಲ್ಲಿ ನಾಯಿಯ ಕಾಲು, ಒಂದು ಕೈಯಲ್ಲಿ ಫೋನು. ಅಪ್ಪಾ, ಈಗ ಬಸ್ ಹತ್ತಿದ್ವಿ, ನಾಲ್ಕಕ್ಕೆ ಬರ್ತೀವಿ, ಅಮ್ಮ ಕೇಳ್ತಿದ್ದಾಳೆ ಮನೇಲಿ ತರಕಾರಿ ಏನಾದ್ರೂ ಇದ್ಯಾ ಅಂತ, ಅಪ್ಪಾ? ಯಾಕಷ್ಟು ಏದುಸಿರು? ಈ ಬಿಸಿಲಲ್ಲಿ ಓಡ್ತಿದ್ದೀಯಾ? ಇಲ್ಲ, ನಡೀತಿದ್ದೀನಿ. ಬೂದಿ ಎಲ್ಲಿ? ಇಲ್ಲೇ, ಹೆಗಲ ಮೇಲೆ. ಆ ಕಡೆ ಬಸ್ಸಿನ ಸದ್ದು, ಯಾರೋ ಚಿಲ್ಲರೆ ಕೇಳುವುದು, ಆಮೇಲೆ ಅವಳ ದನಿ, ತೀರಾ ಮೆಲ್ಲಗೆ, ಆಸ್ಪತ್ರೆಯಲ್ಲಿ ಬೇರೆಯವರ ಜೊತೆ ಮಾತಾಡುವ ಹಾಗೆ, ಅಪ್ಪಾ, ಅದು ಎಳೀತಾ? ಎಳೀತು. ನೀನು ನಿಂತೆ ತಾನೇ? ಗಾಜು ಎನ್ನು, ಟಾರು ಎನ್ನು, ಹಗ್ಗ ಕಿತ್ತುಕೊಂಡು ಹೋಯಿತು ಎನ್ನು, ಮುದುಕನ ಮೇಲೆ ಹಾಕು, ಏನಾದರೂ — ನಿಲ್ಲಲಿಲ್ಲ ಕಣೇ ಮಗಳೇ, ನಾಲ್ಕು ಸಲ ಎಳೀತು, ಮತ್ತೆ ಮತ್ತೆ ಎಳೀತು, ನಾನು ತಿರುಗಲೇ ಇಲ್ಲ. ಆ ಕಡೆ, ಏನಾಯ್ತೇ, ಏನಾಯ್ತು ಹೇಳೇ, ಎಂದು ಅವಳಮ್ಮ ಕೇಳುವುದು ಕೇಳಿಸುತ್ತದೆ, ಫೋನು ಇಟ್ಟಿಲ್ಲ, ಉಸಿರಿದೆ, ಬೈಯಿ, ಬೈದುಬಿಡು, ನಿನಗೆ ಮನುಷ್ಯತ್ವ ಇದೆಯಾ ಎಂದು ಕೇಳು, ನಾಲ್ಕಕ್ಕೆ ಬರುತ್ತೀಯಾ ಎಂದು ಇವನೇ ಕೇಳಬೇಕು, ಕೇಳಲಾಗುವುದಿಲ್ಲ, ನೀನೇ ಹೇಳಿಕೊಟ್ಟಿದ್ಯಲ್ಲಪ್ಪ — ಅವತ್ತು ಊಟದ ತಟ್ಟೆ ನೋಡಿಕೊಂಡು ಅವಳು ನುಂಗಿದ್ದು ಈಗ ಗೊತ್ತಾಗುತ್ತದೆ, ಹೇಳಿಕೊಟ್ಟಿದ್ದ ಹೌದು, ಏಳು ವರ್ಷದ ಹುಡುಗಿಗೆ, ಆಟಕ್ಕೆ, ಅಡುಗೆಮನೆಯಲ್ಲಿ ದೀಪ ಆರಿಸಿ ಸೊಂಟಕ್ಕೆ ಅವಳಮ್ಮನ ದುಪ್ಪಟ್ಟ ಕಟ್ಟಿ, ಬಾಯಿ ಬಿಡಬೇಡ ಮಗಳೇ, ನಾಲ್ಕು ಸಲ ಎಳಿ ಸಾಕು, ಅಪ್ಪ ಎಲ್ಲಿದ್ದರೂ ಬಂದು ಎತ್ಕೋತಾನೆ, ಅವಳು ಬಾಯಿ ಬಿಡಲಿಲ್ಲ, ಮುಕ್ಕಾಲು ಮೈಲಿ ಬಾಯಿ ಬಿಡಲಿಲ್ಲ, ಅಪ್ಪ ಹೇಳಿದ ಹಾಗೇ ಮಾಡಿದಳು, ಬೆವರಿದ ಚಿಕ್ಕ ಮುಷ್ಟಿಯೊಳಗೆ ಅವನ ತೋರುಬೆರಳು, ಎಳೆಯುತ್ತದೆ, ಒಂದು, ಎರಡು, ಮೂರು, ನಾಲ್ಕು, ಅವನು ಮುಂದೆ ನೋಡುತ್ತಾ ನಡೆಯುತ್ತಿದ್ದಾನೆ, ಎಳೆಯುತ್ತದೆ, ಒಂದು, ಎರಡು, ಮೂರು, ನಾಲ್ಕು, ಒಂದು, ಎರಡು, ಮೂರು —